ಎತ್ತಿ ಕುಡಿದ ಒಂದು ವಾರ

ಆ ಬುಧವಾರ ಮಧ್ಯಾಹ್ನ ಮೂರರ ಹೊತ್ತಿಗೆ ಮುಂಬಯಿಯ ಕಾಂದಿವಲಿಯಲ್ಲಿ ನಮ್ಮ ದೊಡ್ಡವ್ವನ ಅಡುಗೆಮನೆಯಲ್ಲಿ ನಾವು ನಾಲ್ಕು ಜನ ಇದ್ದೆವು. ಒಲೆಯ ಮುಂದೆ ದೊಡ್ಡವ್ವ, ಅಂದರೆ ನನ್ನ ಅವ್ವನ ಅಕ್ಕ. ವಯಸ್ಸು ಎಪ್ಪತ್ತಾರು, ಮೊಣಕೈತನಕ ಜೋಳದ ಹಿಟ್ಟು. ಬಾಗಿಲ ಬಳಿ ಸ್ಟೂಲಿನ ಮೇಲೆ ಕೆಳಗಿನ ಹೋಟೆಲಿನ ಮಾಲಕರು. ಅವರು ಉಡುಪಿ ಕಡೆಯವರು. ಮೂವತ್ತು ವರ್ಷದಿಂದ ಕಾಂದಿವಲಿಗೆಲ್ಲ ಊಟ ಹಾಕುತ್ತ, ತಾವು ಮಾತ್ರ ವಾರಕ್ಕೊಮ್ಮೆ ರೊಟ್ಟಿ ತಿನ್ನಲು ಮೆಟ್ಟಿಲು ಹತ್ತಿ ಬರುತ್ತಿದ್ದರು. ಬಂದಾಗಲೆಲ್ಲ ಸಾಂಬಾರಿಗೆ ಬೆಲ್ಲ ಹಾಕುವ ಅಪರಾಧಕ್ಕೆ ದೊಡ್ಡವ್ವನಿಂದ ಬೈಸಿಕೊಂಡು, ತೃಪ್ತಿಯಿಂದ ಇಳಿದು ಹೋಗುತ್ತಿದ್ದರು. ಚಾಪೆಯ ಮೇಲೆ ಕಾಲು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಕುಳಿತಿದ್ದವಳು ಇಥಿಯೋಪಿಯಾದ ಹುಡುಗಿ. ನಮ್ಮ ದೇಶಕ್ಕೆ ಬಂದು ಹನ್ನೊಂದು ದಿನವಾಗಿತ್ತು. ನಡುವೆ ನಾನು, ದುಭಾಷಿ.

ನಾನು ಕಾಂದಿವಲಿಯದೇ ಒಂದು ಔಷಧ ಶಾಸ್ತ್ರದ ಕಾಲೇಜಿನಲ್ಲಿ ಲೈಬ್ರರಿ ನೋಡಿಕೊಳ್ಳುತ್ತೇನೆ. ಈ ಹುಡುಗಿ ಅಲ್ಲಿ ಎರಡು ವರ್ಷದ ಓದಿಗೆ ಸೇರಿದ್ದಳು. ಮೊದಲ ದಿನ ನನ್ನ ಮೇಜಿನ ಮುಂದೆ ನಿಂತು ಕೇಳಿದ್ದು ಪುಸ್ತಕವನ್ನಲ್ಲ, ಬಾಡಿಗೆಗೊಂದು ಖೋಲಿಯನ್ನು. ದಲಾಲರು ಐದಾರು ಕಡೆ ತೋರಿಸಿದ್ದರಂತೆ. ಎಲ್ಲ ಕಡೆಯೂ ಆಕೆಯ ಮುಖ ನೋಡಿದ ಮೇಲೆ ಖೋಲಿ ನಿನ್ನೆಯೇ ಹೋಯಿತು ಎಂದಿದ್ದರಂತೆ. ಉಳಿದದ್ದು ವಿಕ್ರೋಳಿಯ ಒಂದು ಹಾಸ್ಟೆಲ್. ಅಲ್ಲಿಂದ ಬೆಳಿಗ್ಗೆ ಎಂಟರ ಪ್ರಯೋಗಶಾಲೆಗೆ ಬರಬೇಕೆಂದರೆ ಊರಿನ ಪೂರ್ವದಿಂದ ಪಶ್ಚಿಮಕ್ಕೆ, ದಾದರಿನಲ್ಲಿ ಗಾಡಿ ಬದಲಿಸಿ, ದಿನಾ ಮೂರೂವರೆ ನಾಲ್ಕು ತಾಸು ಹೋಗಿ ಬರುವುದರಲ್ಲೇ ಕಳೆಯಬೇಕು. ದೊಡ್ಡವ್ವನ ಒಳಗಿನ ಖೋಲಿಯಲ್ಲಿದ್ದ ಹುಡುಗಿ ಮದುವೆಯಾಗಿ ಹೋಗಿ ಎರಡು ತಿಂಗಳಾಗಿತ್ತು. ಕಾಲೇಜಿಗೆ ಅಲ್ಲಿಂದ ಹತ್ತು ನಿಮಿಷದ ನಡಿಗೆ. ನಾನು ಹೋಗಿ ಕೇಳಿದೆ.

“ಒಂದ್ ವಾರ ಇರ್ಲಿ,” ಅಂದಳು ದೊಡ್ಡವ್ವ. “ಬರೋ ಬುಧವಾರ ಹೇಳ್ತೀನಿ. ಹೂಂ ಅಂದ್ರ ಹೂಂ, ಊಂಹೂಂ ಅಂದ್ರ ಊಂಹೂಂ. ನೀ ನಡುವ ಬಾಯಿ ಹಾಕಬ್ಯಾಡ.”

ಷರತ್ತು ಮೂರು. ಮನೆಯೊಳಗೆ ಮಾಂಸ ಇಲ್ಲ. ಚಪ್ಪಲಿ ಹೊರಗೆ. ಮೂರನೆಯದು ಎಂಜಲು. ಮೊದಲೆರಡು ಯಾವ ದೇಶದವರಿಗೂ ಹೇಳಬಹುದು. ಮೂರನೆಯದನ್ನು ಇಂಗ್ಲಿಷಿನಲ್ಲಿ ಹೇಳಲು ಹೋಗಿ ನಾನು ಕಾಲು ಗಂಟೆ ಬೆವರಿ, ಕೊನೆಗೆ ಲೋಟ ಎತ್ತಿ ಕುಡಿಯಬೇಕು ಅನ್ನುವುದೊಂದನ್ನೇ ಹೇಳಿ ಕೈಬಿಟ್ಟೆ. ನಮ್ಮ ದೊಡ್ಡವ್ವನಿಗೆ ದೇವರು, ದಿಂಡರು, ಜಾತಿ, ಮಡಿ ಯಾವುದೂ ಅಷ್ಟಿಲ್ಲ, ಎಂಜಲೊಂದು ಇದೆ. ಕಚ್ಚಿದ ಬಾಳೆಹಣ್ಣು ಇನ್ನೊಬ್ಬರಿಗೆ ಇಲ್ಲ. ಉಣ್ಣುವ ಕೈ ಪಾತ್ರೆಯ ಸೌಟು ಮುಟ್ಟುವ ಹಾಗಿಲ್ಲ. ದೊಡ್ಡಪ್ಪ ಬದುಕಿದ್ದಾಗ ಆತನ ತಟ್ಟೆಯ ಅಂಚಿಗೂ ಈಕೆಯ ಬೆರಳು ತಾಗಿದ್ದನ್ನು ನಾನು ನೋಡಿಲ್ಲ. ಮನೆಯ ಪ್ರತಿಯೊಬ್ಬರಿಗೂ ಹೆಸರು ಕೊರೆಸಿದ ಒಂದೊಂದು ಸ್ಟೀಲ್ ಲೋಟ. ಹೆಸರಿದ್ದವರು ತಮ್ಮ ಲೋಟವನ್ನು ಕಚ್ಚಿ ಕುಡಿಯಬಹುದು. ಹೆಸರಿಲ್ಲದ ಲೋಟ ಬಂದುಹೋಗುವವರದ್ದು. ಅದನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯಬೇಕು.

ಆ ಹುಡುಗಿಗೆ ಎತ್ತಿ ಕುಡಿಯಲು ಬಾರದು. ಬುಧವಾರ ಮಧ್ಯಾಹ್ನ ಮೊದಲ ಸಲ ಪ್ರಯತ್ನಿಸಿದಾಗ ನೀರು ಮೂಗಿಗೆ, ಕಿವಿಗೆ, ಕುತ್ತಿಗೆಗೆ ಹೋಯಿತು, ಬಾಯಿಗೆ ಹೋಗಲಿಲ್ಲ.

“ಸ್ನಾನ ಆಯ್ತಲ್ಲ,” ಅಂದರು ಹೋಟೆಲಿನವರು. “ಇನ್ನು ಊಟಕ್ಕೆ ಬಡಿಸಿ ಅಕ್ಕ.”

ದೊಡ್ಡವ್ವ ಬಡಿಸಿದಳು. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಹಸಿ ಉಳ್ಳಾಗಡ್ಡಿ. ರೊಟ್ಟಿಯ ಮೇಲೆ ಬೆಣ್ಣೆಯ ಉಂಡೆ ಇಡಲು ಹೋದಳು. ಹುಡುಗಿ ಎರಡೂ ಕೈ ಅಡ್ಡ ಹಿಡಿದಳು. ಮೊಸರು ತಂದರೆ ಅದಕ್ಕೂ ಅಡ್ಡ. ಮಜ್ಜಿಗೆಗೂ ಅಡ್ಡ.

ದೊಡ್ಡವ್ವನ ಮುಖ ಇಳಿದದ್ದನ್ನು ನಾನು ಕಂಡೆ. ನಮ್ಮ ಕಡೆ ಬೆಣ್ಣೆ ಒಲ್ಲೆ ಅನ್ನುವುದು ಬೇನೆ ಬಿದ್ದವರು, ಇಲ್ಲವೇ ಜಗಳ ಕಾಯಲು ಬಂದವರು.

“ಯಾಕಂತ? ನಮ್ಮ ಬೆಣ್ಣಿ ಆಗಂಗಿಲ್ಲೇನ ಈಕಿಗೆ?”

ನಾನು ಕೇಳಿದೆ. ಹುಡುಗಿ ಉದ್ದಕ್ಕೆ ವಿವರಿಸಿದಳು. ಬುಧವಾರ, ಶುಕ್ರವಾರ ಅವರಲ್ಲಿ ಉಪವಾಸ. ಆ ದಿನ ಹಾಲು, ಬೆಣ್ಣೆ, ತುಪ್ಪ, ಮೊಸರು ಏನೂ ತಾಗಿಸುವುದಿಲ್ಲ. ಅವಳ ತಾಯಿ, ಅಜ್ಜಿ ಎಲ್ಲರೂ ಹಾಗೇ.

“ಉಪವಾಸ ಅಂತ,” ಅಂದೆ.

“ಆಕಿ ಇಷ್ಟುದ್ದ ಹೇಳಿದ್ಲು, ನೀ ಗೇಣುದ್ದ ಹೇಳ್ತಿ. ಉಪವಾಸ ಇದ್ದಾಕಿ ಎಣಗಾಯಿ ತಿಂತಾಳೇನ?”

ನಾನು ಮಾತು ದಾಟಿಸುವಾಗ ಅರ್ಧ ನೀರಿಗೆ ಬೀಳಿಸುತ್ತಿದ್ದೆ; ಹೆಚ್ಚಾಗಿ ಬೇಕೆಂದೇ. ನನ್ನ ಕನ್ನಡ ಅಂಥದ್ದು. ಹುಟ್ಟಿ ಬೆಳೆದದ್ದು ಬೈಕುಲ್ಲಾದ ಚಾಳಿನಲ್ಲಿ. ಶಾಲೆ ಮರಾಠಿ, ನೌಕರಿ ಇಂಗ್ಲಿಷ್, ಬೀದಿಯ ಜಗಳ ಹಿಂದಿ. ಕನ್ನಡ ಮಾತ್ರ ದೊಡ್ಡವ್ವನ ಕೈಯಲ್ಲಿ ಬೈಸಿಕೊಂಡು ಕಲಿತದ್ದು. ಬೈಗುಳ ಮೊದಲು ಬಂತು, ಅಕ್ಷರ ಆಮೇಲೆ. ಹೀಗಾಗಿ ಆಕೆಯ ಮಾತನ್ನು ಇನ್ನೊಬ್ಬರಿಗೆ ಹೇಳುವಾಗ ಮುಳ್ಳು ತೆಗೆದು ಕೊಡುವುದು ನನಗೆ ರೂಢಿ.

ಆ ಹೊತ್ತು ನಮ್ಮನ್ನು ಉಳಿಸಿದ್ದು ಗುರೆಳ್ಳು. ಬೆಣ್ಣೆ ಬೇಡವಾದ ಮೇಲೆ ದೊಡ್ಡವ್ವ ಮುನಿಸಿನಿಂದಲೇ ಡಬ್ಬಿ ತೆರೆದು ರೊಟ್ಟಿಯ ಅಂಚಿಗೆ ಗುರೆಳ್ಳು ಚಟ್ನಿ ಹಾಕಿ ಎಣ್ಣೆ ಬಿಟ್ಟಳು. ಹುಡುಗಿ ವಾಸನೆ ನೋಡಿದಳು. ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟಳು. ಆಮೇಲೆ ಕಣ್ಣು ದೊಡ್ಡದು ಮಾಡಿ “ನೂಗ್!” ಎಂದು ಕೂಗಿದಳು. ಹೋಟೆಲಿನವರು ಸ್ಟೂಲಿನಿಂದ ಬೀಳುವುದೊಂದು ಬಾಕಿ.

ಅದು ಅವರ ಊರಿನ ಬೆಳೆಯಂತೆ. ಅವಳ ಅಜ್ಜಿ ಅದನ್ನು ಹುರಿದು ಎಣ್ಣೆ ತೆಗೆಸುತ್ತಾಳಂತೆ, ಕುಟ್ಟಿ ಜೇನು ಬೆರೆಸಿ ಕೊಡುತ್ತಾಳಂತೆ. ಹನ್ನೊಂದು ದಿನದಲ್ಲಿ ಮನೆಯ ವಾಸನೆ ಬಂದದ್ದು ಇದೇ ಮೊದಲು ಎಂದಳು. ಹೇಳುತ್ತ ಹೇಳುತ್ತ ಮೂರು ರೊಟ್ಟಿ ಮುಗಿಸಿದಳು.

“ನಮ್ಮ ಗುರೆಳ್ಳು ಅಲ್ಲೀತನಕ ಹ್ಯಾಂಗ ಹೋತು?” ದೊಡ್ಡವ್ವನಿಗೆ ಆಶ್ಚರ್ಯ.

ನಾನು ಮರುದಿನ ಲೈಬ್ರರಿಯಲ್ಲಿ ಹುಡುಕಿ ನೋಡಿದೆ. ಗುರೆಳ್ಳು ಮೂಲತಃ ಅವರದ್ದೇ, ಅಲ್ಲಿಂದ ಇಲ್ಲಿಗೆ ಬಂದದ್ದು ಎಂದಿತ್ತು ಪುಸ್ತಕ. ಜೋಳವೂ ಆ ಕಡೆಯದೇ ಎಂದಿತ್ತು. ಹೇಳಿದೆ.

“ಪುಸ್ತಕ ಬರದಾಂವ ರೊಟ್ಟಿ ಬಡದಾನೇನ?” ಅಂದಳು ದೊಡ್ಡವ್ವ. ಆ ವಿಷಯ ಅಲ್ಲಿಗೆ ಮುಗಿಯಿತು.

ಹುಡುಗಿಯ ಬಳಿ ಒಂದು ಪುಟ್ಟ ವಹಿ ಇತ್ತು. ದಿನಾ ಸಂಜೆ ಕಂಡದ್ದನ್ನೆಲ್ಲ ಅದರಲ್ಲಿ ಬರೆದು, ಚಹಾದ ಹೊತ್ತಿಗೆ ನಮಗೆ ಓದಿ ಹೇಳುತ್ತಿದ್ದಳು. ನಾವು ಹುಟ್ಟಿದಾಗಿನಿಂದ ನೋಡಿದ ಮುಂಬಯಿ ಅದರಲ್ಲಿ ಬೇರೆ ಯಾರದೋ ಊರಿನ ಹಾಗಿತ್ತು. ಇಲ್ಲಿಯ ಜನ ತಲೆ ಅಲ್ಲಾಡಿಸಿದರೆ ಹೌದೋ ಅಲ್ಲವೋ ತಿಳಿಯುವುದಿಲ್ಲ. ಕೊನೆಗೆ ನೋಡಿದರೆ ಅವರಿಗೂ ತಿಳಿದಿರುವುದಿಲ್ಲ, ಎಂದು ಒಂದು ಕಡೆ. ಚಹಾ ಅರ್ಧ ಕೇಳಿದರೆ ಸಂತೋಷದಿಂದ ಕೊಡುತ್ತಾರೆ, ಸಕ್ಕರೆ ಅರ್ಧ ಕೇಳಿದರೆ ಕಾಯಿಲೆ ಏನೆಂದು ವಿಚಾರಿಸುತ್ತಾರೆ, ಎಂದು ಇನ್ನೊಂದು ಕಡೆ. ವಡಾಪಾವ್ ಬಗ್ಗೆ ಬರೆದದ್ದು ಒಂದೇ ಸಾಲು: ಬ್ರೆಡ್ಡಿನೊಳಗೆ ಆಲೂಗಡ್ಡೆ, ಅದೂ ಹಿಟ್ಟಿನ ಅಂಗಿ ಹಾಕಿಕೊಂಡು, ಈ ಊರಿನಲ್ಲಿ ಊಟಕ್ಕೂ ಪ್ಯಾಕಿಂಗ್ ಮೇಲೆ ಪ್ಯಾಕಿಂಗ್.

ಗುರುವಾರ ಯಾವುದೋ ಕಾಗದದ ಕೆಲಸಕ್ಕೆ ದಾದರಿಗೆ ಹೋಗಿ ಬಂದಳು. ಬಂದವಳ ಮುಖ ಅರಳಿತ್ತು. ಲೋಕಲ್‌ನ ಹೆಂಗಸರ ಡಬ್ಬಿಯಲ್ಲಿ ಗೆಳತಿಯೊಬ್ಬಳು ಸಿಕ್ಕಳಂತೆ. ಮುಂದೆ ನಿಂತಿದ್ದ ಹೆಂಗಸು ತಾನಾಗಿಯೇ ಬಗ್ಗಿ, “ಕಿಧರ್ ಉತರ್ನಾ ಹೈ?” ಎಂದು, ಎಲ್ಲಿ ಇಳಿಯುವುದೆಂದು ಕೇಳಿದಳಂತೆ. ಇವಳು ದಾದರ್ ಎಂದಳು. ಆ ಹೆಂಗಸಿಗೆ ಎಷ್ಟು ಸಂತೋಷವಾಯಿತೆಂದರೆ ಇವಳ ಪಕ್ಕವೇ ಬಿಡಲಿಲ್ಲ. ಇವಳು ತನ್ನ ಊರು, ಓದು, ಇಬ್ಬರು ತಮ್ಮಂದಿರು, ಅಜ್ಜಿಯ ಮೊಣಕಾಲು ನೋವು ಎಲ್ಲ ಹೇಳಿದಳು. ದಾದರಿನಲ್ಲಿ ಇಳಿದು ಕೈ ಬೀಸಲು ತಿರುಗಿದರೆ, ಗೆಳತಿ ಇವಳ ಜಾಗದಲ್ಲಿ ಕುಳಿತು ಕಣ್ಣು ಮುಚ್ಚಿಯಾಗಿತ್ತು. ದಣಿದಿದ್ದಳು ಪಾಪ, ಎಂದು ವಹಿಯಲ್ಲಿ ಬರೆದಿದ್ದಳು.

“ಏ ಖೋಡಿ, ಅದು ಗೆಳೆತನ ಅಲ್ಲ, ಸೀಟಿನ ಮ್ಯಾಲಿನ ಕಣ್ಣು,” ದೊಡ್ಡವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಖೋಡಿ ಎಂದರೆ ಆಕೆ ನಮ್ಮನ್ನು, ಮನೆಯ ಮಕ್ಕಳನ್ನು ಕರೆಯುವ ಮಾತು. ನನಗೆ ಸ್ವಲ್ಪ ಧೈರ್ಯ ಬಂತು.

ಶನಿವಾರ ದೊಡ್ಡವ್ವನ ಉಪವಾಸ. ಬೆಳಿಗ್ಗೆ ಸಾಬೂದಾಣಿ ಖಿಚಡಿ, ಹತ್ತಕ್ಕೆ ಬಾಳೆಹಣ್ಣು, ಮಧ್ಯಾಹ್ನ ಆಲೂಗಡ್ಡೆ ಪಲ್ಯ, ಶೇಂಗಾದುಂಡಿ, ನಾಲ್ಕಕ್ಕೆ ಕೆನೆಹಾಲು. ಹುಡುಗಿ ವಹಿ ಹಿಡಿದು ಹಿಂದೆ ಹಿಂದೆ ಓಡಾಡಿದಳು. ಸಂಜೆ ಬಹಳ ವಿನಯದಿಂದ ನನ್ನನ್ನು ಕೇಳಿದಳು: “ಉಪವಾಸ ಯಾವಾಗ ಶುರುವಾಗುತ್ತದೆ?”

ಇದನ್ನು ನಾನು ದಾಟಿಸಲಿಲ್ಲ.

ಅದರ ಹಿಂದಿನ ದಿನ, ಶುಕ್ರವಾರ, ಹುಡುಗಿ ಕೆಳಗಿನ ಹೋಟೆಲಿನಲ್ಲಿ ದೋಸೆ ತಿಂದಿದ್ದಳು. ಅವರ ಊರಿನ ಇಂಜೆರಾ ಎಂಬುದು ಹುಳಿ ಬರಿಸಿದ ಹಿಟ್ಟಿನ ದೊಡ್ಡ ಮೆತ್ತನೆಯ ದೋಸೆಯಂಥದ್ದು. ಹೋಟೆಲಿನ ದೋಸೆ ನೋಡಿ, ಇದು ಇಂಜೆರಾದ ಸಿಡುಕಿನ ತಮ್ಮ, ಹುಳಿ ಸರಿಯಿದೆ, ಆದರೆ ಬೇಯುವಾಗ ಸಿಟ್ಟು ಬಂದು ಗಟ್ಟಿಯಾಗಿದೆ ಎಂದಳಂತೆ. ಹೋಟೆಲಿನವರು ಉರಿದುಕೊಂಡು ಮೇಲೆ ಬಂದರು.

“ಮೂವತ್ತು ವರ್ಷ ಆಯ್ತು ಮಾರಾಯ್ರೆ ನಾನು ದೋಸೆ ಹಾಕ್ಲಿಕ್ಕೆ ಶುರು ಮಾಡಿ! ಮೆತ್ತಗೆ ಬೇಕಂತೆ. ಅದೆಂತ ದೊಡ್ಡ ಸಂಗತಿ? ಮಗುಚದಿದ್ರೆ ಆಯ್ತಪ್ಪ. ಭಾನುವಾರ ಮಾಡಿ ಕೊಡ್ತೇನೆ, ಅವಳಿಗೆ ಹೇಳಿ.”

ಹೀಗೆ ಭಾನುವಾರದ ಊಟ ನಿಶ್ಚಯವಾಯಿತು. ದೋಸೆ ಅವರದು, ಅಡುಗೆ ಹುಡುಗಿಯದು. ತಮ್ಮ ಊರಿನ ರೀತಿಯಲ್ಲೇ ಬಡಿಸಬಹುದೇ ಎಂದು ಅವಳು ನನ್ನನ್ನು ಕೇಳಿದಳು. ಧಾರಾಳವಾಗಿ ಎಂದೆ. ಅವರ ರೀತಿ ಏನೆಂದು ಕೇಳಬೇಕಿತ್ತು. ಕೇಳಲಿಲ್ಲ. ಮುಂದಿನದಕ್ಕೆಲ್ಲ ಹೊಣೆ ನಾನು.

ಭಾನುವಾರ ಹೋಟೆಲಿನ ಮಧ್ಯಾಹ್ನದ ಗಲಾಟೆ ಮುಗಿದ ಮೇಲೆ ಅವರು ಹತ್ತು ಭಾರಿ ದೋಸೆಗಳನ್ನು ಬಟ್ಟೆಯಲ್ಲಿ ಸುತ್ತಿ ತಂದರು. ಹುಡುಗಿ ಊರಿನಿಂದ ತಂದ ಕೆಂಪು ಖಾರದ ಪುಡಿ ಹಾಕಿ ಕಡಲೆಹಿಟ್ಟಿನ ಗೊಜ್ಜು ಕುದಿಸಿದ್ದಳು, ಬೇಳೆಯದೊಂದು, ಕ್ಯಾಬೀಜು ಗಜ್ಜರಿಯದೊಂದು. ದೊಡ್ಡವ್ವ ಮುಚ್ಚಳ ತೆಗೆದು ಮೂಸಿ, “ಇದು ಝುಣಕ. ಇದಕ್ಕ ವಿಮಾನ ಹತ್ತಿ ಬರಬೇಕಿತ್ತೇನ?” ಅಂದಳು. ಆದರೆ ಧ್ವನಿಯಲ್ಲಿ ಮೆಚ್ಚಿಗೆ ಇತ್ತು.

ತಟ್ಟೆ ಇಡಲು ನಾನು ಎದ್ದೆ. ಹುಡುಗಿ ಕೈ ಹಿಡಿದು ಕೂರಿಸಿದಳು. ಹಿಟ್ಟು ನಾದುವ ನಮ್ಮ ದೊಡ್ಡ ಪರಾತವನ್ನು ತಂದು ಚಾಪೆಯ ನಡುವೆ ಇಟ್ಟಳು. ದೋಸೆಗಳನ್ನು ಅದರ ತುಂಬ ಹಾಸಿದಳು. ಮೇಲೆ ಮೂರು ಗುಡ್ಡೆಯಾಗಿ ಗೊಜ್ಜು ಸುರಿದಳು. ಆಮೇಲೆ ನಮ್ಮ ಕಡೆ ನೋಡಿ, ಬನ್ನಿ ಎಂದು ಕೈ ಮಾಡಿದಳು.

ಒಂದೇ ತಟ್ಟೆ. ನಾಲ್ಕು ಕೈ.

ಹೋಟೆಲಿನವರು ಸೀಲಿಂಗ್ ಫ್ಯಾನ್ ನೋಡತೊಡಗಿದರು. ದೊಡ್ಡವ್ವ ಗೋಡೆಗೆ ಆತುಕೊಂಡು ಕುಳಿತವಳು ಹಾಗೇ ಇದ್ದಳು. ಹುಡುಗಿಗೆ ಏನು ಗೊತ್ತು? ಎದ್ದು ಕೈ ತೊಳೆದು ಬಂದಳು, ದೋಸೆಯ ತುಂಡು ಹರಿದಳು, ಮೂರೂ ಗೊಜ್ಜನ್ನು ಅದರಲ್ಲಿ ಸುತ್ತಿ ನಿಂಬೆಹಣ್ಣಿನಷ್ಟು ತುತ್ತು ಮಾಡಿದಳು. ಮೊಣಕಾಲ ಮೇಲೆ ಸರಿದು ಹೋಗಿ ಅದನ್ನು ದೊಡ್ಡವ್ವನ ಬಾಯಿಯ ಮುಂದೆ ಹಿಡಿದಳು.

“ಏನ್ ಮಾಡಾಕತ್ತಾಳ ಈಕಿ?”

ನಾನು ಹುಡುಗಿಯನ್ನು ಕೇಳಿದೆ. ಇದಕ್ಕೆ ಗುರ್ಶಾ ಅನ್ನುತ್ತಾರೆ ಎಂದಳು. ಮನೆಯ ಹಿರಿಯರಿಗೆ ಮೊದಲ ತುತ್ತನ್ನು ಕೈಯಾರೆ ತಿನ್ನಿಸುವುದು. ಇದಕ್ಕಿಂತ ದೊಡ್ಡ ಮರ್ಯಾದೆ ಅವರಲ್ಲಿ ಇಲ್ಲ. ಬೇಡ ಎಂದರೆ, ನೀನು ನನಗೆ ಯಾರೂ ಅಲ್ಲ ಎಂದ ಹಾಗೆ. ಹೇಳುವಾಗಲೂ ಅವಳ ಕೈ ಹಾಗೇ ಇತ್ತು. ಬೆರಳಿನಿಂದ ಗೊಜ್ಜು ಮಣಿಕಟ್ಟಿಗೆ ಇಳಿಯುತ್ತಿತ್ತು.

ಆ ವಾರದಲ್ಲಿ ಮೊದಲ ಬಾರಿ ನಾನು ಪೂರ್ತಿ ಮಾತು ದಾಟಿಸಿದೆ. ಒಂದು ಅಕ್ಷರ ಬಿಡಲಿಲ್ಲ.

ದೊಡ್ಡವ್ವ ತುತ್ತನ್ನು ನೋಡಿದಳು. ಹುಡುಗಿಯನ್ನು ನೋಡಿದಳು. “ಎಂಜಲ ಅಲ್ಲೇನ?” ಅಂದಳು, ಯಾರನ್ನು ಕೇಳಿದಳೋ.

ಹೋಟೆಲಿನವರು ಫ್ಯಾನಿನಿಂದ ಕೆಳಗಿಳಿದು ಬಂದರು. “ಅಲ್ಲ ಅಕ್ಕ, ಹೇಗೆ ಎಂಜಲಾಗ್ತದೆ? ಕೈ ತೊಳ್ದಿದ್ದಾಳೆ, ನಾನೇ ನೋಡಿದ್ದೇನೆ. ಅವಳು ಇನ್ನೂ ಬಾಯಿಗೆ ಹಾಕ್ಲಿಲ್ಲ. ಪರಾತಕ್ಕೆ ಬೇರೆಯವರ ಕೈ ತಾಗ್ಲಿಲ್ಲ. ಈಗ ಈ ಕ್ಷಣಕ್ಕೆ ಇದು ಶುದ್ಧ ಉಂಟು. ನೀವು ತಡ ಮಾಡಿದ್ರೆ ನನಗೆ ಗೊತ್ತಿಲ್ಲ, ನನಗೆ ಹಸಿವಾಗ್ತಾ ಉಂಟು.”

“ನೀ ವಕೀಲ ಆಗಬೇಕಿತ್ತು ತಮ್ಮಾ. ಸಾಂಬಾರಕ್ಕ ಬೆಲ್ಲ ಹಾಕ್ಕೋತ ಕುಂತಿ.”

ಅಷ್ಟು ಹೇಳಲು ತೆರೆದ ಬಾಯಿಯನ್ನು ಆಕೆ ಮುಚ್ಚಲಿಲ್ಲ. ತುತ್ತು ಒಳಗೆ ಹೋಯಿತು. ದೊಡ್ಡ ತುತ್ತು, ಕೆನ್ನೆ ಉಬ್ಬಿತು, ಕಣ್ಣಲ್ಲಿ ಖಾರಕ್ಕೆ ನೀರು ಬಂತು. ನುಂಗಿ ಮುಗಿಯುವ ಮೊದಲೇ ಹುಡುಗಿ ಇನ್ನೊಂದು ಸುತ್ತಿ ಹಿಡಿದಿದ್ದಳು. ಒಂದಕ್ಕೇ ನಿಲ್ಲಿಸಬಾರದಂತೆ.

ಈಗ ಆ ಬೆರಳು ದೊಡ್ಡವ್ವನ ತುಟಿಗೆ ತಾಗಿದ ಬೆರಳು. ವಕೀಲರು ಬಾಯಿ ತೆರೆಯುವ ಮೊದಲೇ ದೊಡ್ಡವ್ವ, “ನಂದ ಎಂಜಲ, ನನಗ ಬರಾಕತ್ತೈತಿ,” ಎಂದು ತೀರ್ಪು ಕೊಟ್ಟು ಅದನ್ನೂ ತಿಂದಳು.

ಆಮೇಲೆ ಸರಿದು ಪರಾತದ ಹತ್ತಿರ ಬಂದಳು. “ನನ್ನ ಮದುವ್ಯಾಗ ಭೂಮಕ್ಕ ಕುಂಡ್ರಿಸಿದ್ರು,” ಅಂದಳು. ಭೂಮ ಎಂದರೆ ಮದುವೆಯಲ್ಲಿ ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು ಒಂದೇ ತಟ್ಟೆಯಲ್ಲಿ ಉಣ್ಣುವುದು. ಇನ್ನು ಮೇಲೆ ನೀವು ನಾವು ಒಂದು ಎಂದು. “ಹದಿನೇಳು ವರ್ಸದಾಕಿ ನಾನು. ಗುರುತಿಲ್ಲದ ಹತ್ತು ಕೈ ತಾಟಿನಾಗ. ಹಪ್ಪಳದ ಚೂರು ಹಿಡಕೊಂಡು ಅಳಕೋತ ಕುಂತಿದ್ದೆ. ಆವತ್ತಿಂದ ಯಾರ ತಾಟಿಗೂ ಕೈ ಹಾಕಿಲ್ಲ.” ತೋರುಬೆರಳಿನಿಂದ ದೋಸೆಯ ಮೇಲೆ ಅಡ್ಡ ಗೆರೆ ಎಳೆದಳು. “ಈ ಕಡೆ ನಂದು. ಆ ಕಡೆ ನೀವು ಮೂರೂ ಮಂದಿ ಏನರ ಮಾಡ್ಕೋರಿ.”

ಊಟವಾಯಿತು. ದೊಡ್ಡವ್ವನ ಗೆರೆಯ ಆಚೆಗೆ ನಮ್ಮ ಯಾರ ಕೈಯೂ ಹೋಗಲಿಲ್ಲ. ಊಟ ಮುಗಿದ ಮೇಲೆ ದೊಡ್ಡವ್ವ ಎದ್ದು ಹೋಗಿ ಬಹಳ ಹೊತ್ತು ಬಾಯಿ ಮುಕ್ಕಳಿಸಿದ್ದು ನಮಗೆಲ್ಲ ಕೇಳಿಸಿತು.

ಸೋಮವಾರ ಆಕೆ ಮಾತಾಡಲಿಲ್ಲ. ಮಂಗಳವಾರವೂ ಇಲ್ಲ. ಹುಡುಗಿ ಆ ಸಂಜೆ ಲೈಬ್ರರಿಗೆ ಬಂದು, ವಿಕ್ರೋಳಿಯ ಹಾಸ್ಟೆಲಿಗೆ ಯಾವ ಗಾಡಿ ಹಿಡಿಯಬೇಕೆಂದು ಕೇಳಿದಳು. ಮುಕ್ಕಳಿಸಿದ್ದು ಅವಳಿಗೂ ಕೇಳಿಸಿತ್ತು. ಏನು ತಪ್ಪಾಯಿತೆಂದು ನಾನು ಆಗ ವಿವರಿಸಿದೆ. ಒಂದು ವಾರ ತಡವಾಗಿ. ಅವಳು ವಹಿ ತೆಗೆಯಲಿಲ್ಲ. “ನೀವು ಮೊದಲೇ ಹೇಳಿದ್ದರೆ ನಾಲ್ಕು ತಟ್ಟೆ ಇಡುತ್ತಿದ್ದೆ,” ಎಂದಷ್ಟೇ ಅಂದಳು. ನಾನು ವಿಕ್ರೋಳಿಯ ಗಾಡಿಯ ವೇಳೆಯನ್ನು ಚೀಟಿಯಲ್ಲಿ ಬರೆದುಕೊಟ್ಟೆ.

ಬುಧವಾರ ಬೆಳಿಗ್ಗೆ ಹತ್ತಕ್ಕೆ ದೊಡ್ಡವ್ವ ಫೋನ್ ಮಾಡಿದಳು. “ರಜಾ ಹಾಕಿ ಬಾ. ಬೈಕುಲ್ಲಾಕ ಹೋಗಬೇಕು.” ಯಾಕೆ ಎಂದರೆ ಹೇಳಲಿಲ್ಲ. ದಾದರಿನಲ್ಲಿ ಗಾಡಿ ಬದಲಿಸಿ, ಮೊಣಕಾಲು ನೋವಿಗೆ ನನ್ನನ್ನು ಬೈಯುತ್ತ, ನಾವು ಹಿಂದೆ ಇದ್ದ ಚಾಳಿನ ಹತ್ತಿರದ ಪಾತ್ರೆ ಅಂಗಡಿಗೆ ಕರೆದೊಯ್ದಳು. ಮನೆಯ ಎಲ್ಲರ ಲೋಟಕ್ಕೂ ಹೆಸರು ಕೊರೆದದ್ದು ಆ ಅಂಗಡಿಯೇ. ಒಂದು ಲೋಟ ಆರಿಸಿದಳು. ಬಡಿದು ನಾದ ನೋಡಿ ಅದನ್ನಿಟ್ಟು ಇನ್ನೊಂದು ಆರಿಸಿದಳು. ಹೆಸರು ಬರೆದುಕೊಡು ಎಂದು ನನ್ನ ಮುಂದೆ ಚೀಟಿ ತಳ್ಳಿದಳು, ಕನ್ನಡದಲ್ಲೇ ಆಗಬೇಕು ಎಂದಳು. ಅಂಗಡಿಯವನಿಗೆ ಕನ್ನಡ ಬಾರದು. ನಾನು ಬರೆದದ್ದನ್ನು ಚಿತ್ರ ನೋಡಿದ ಹಾಗೆ ನೋಡುತ್ತ, ಕರ್ ಕರ್ ಎಂದು ಕೊರೆದು ಕೊಟ್ಟ.

ಸಂಜೆ ಹುಡುಗಿ ಕಾಲೇಜಿನಿಂದ ಬಂದಾಗ, ಬೆಳಿಗ್ಗೆ ಅವಳೇ ಕಟ್ಟಿಟ್ಟಿದ್ದ ಚೀಲ ಬಾಗಿಲ ಹತ್ತಿರ ಹಾಗೇ ಇತ್ತು. ದೊಡ್ಡವ್ವ ಹೊಸ ಲೋಟದಲ್ಲಿ ನೀರು ತುಂಬಿ ಕೊಟ್ಟಳು. ಹುಡುಗಿ ಕತ್ತು ಹಿಂದಕ್ಕೆ ಚಾಚಿ, ಒಂದು ವಾರ ಕಲಿತ ಹಾಗೆ ಲೋಟವನ್ನು ಮೇಲೆತ್ತಿದಳು.

“ಕಚ್ಚಿ ಕುಡಿಯವಾ,” ಅಂದಳು ದೊಡ್ಡವ್ವ. “ನಿಂದ ಅದು.”

ನಾನು ಹೇಳಿದೆ. ಹುಡುಗಿ ಲೋಟ ಇಳಿಸಿ, ಅದರ ಮೇಲಿನ ಅಕ್ಷರಗಳ ಮೇಲೆ ಬೆರಳಾಡಿಸಿ ಏನೆಂದು ಕೇಳಿದಳು. ಅದನ್ನೂ ಹೇಳಿದೆ. ಅವಳು ಲೋಟವನ್ನು ತುಟಿಗಿಟ್ಟು ಒಂದು ಹನಿ ಚೆಲ್ಲದೆ ಕುಡಿದಳು. ಆಮೇಲೆ ಚೀಲ ಎತ್ತಿಕೊಂಡು ಒಳಗಿನ ಖೋಲಿಗೆ ಹೋದಳು.